ಕಲಬುರಗಿ ಬಿಸಿಲಿನಲ್ಲಿ ಹೆಣ ತಣ್ಣಗಾಗುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿ ಮೆಚ್ಚಿ ವಿಮರ್ಶೆ ಬರೆದ ಕೊಲೆ ಕಾದಂಬರಿ ನಮ್ಮ ಕಲಬುರಗಿಯ ಹಳೇ ಓಣಿಯಲ್ಲೇ ನಡೆಯುತ್ತದೆ. ಸುಳಿವುಗಳನ್ನೆಲ್ಲ ಓದುಗರ ಕಣ್ಣೆದುರೇ ಇಟ್ಟಿರುವುದು, ಕಡೇ ಅಧ್ಯಾಯದಲ್ಲಿ ಯಾರೋ ಹೊಸಬನನ್ನು ತಂದು ಅಪರಾಧಿ ಎನ್ನದಿರುವುದು ಅದರ ದೊಡ್ಡ ಗುಣ. ಓಣಿಯ ಮಾತೂ ಚೆನ್ನಾಗಿ ಬಂದಿದೆ. ಆದರೆ ಕಥೆ ಆತುಕೊಂಡು ನಿಂತ ಕಂಬವೇ ಗಟ್ಟಿಯಿಲ್ಲ.

ಮೇ ತಿಂಗಳ ಸಂಜೆ, ಕಿಟಕಿ ಮುಚ್ಚಿದ, ಪತ್ರಾಸು ಅಂದರೆ ತಗಡು ಹೊದಿಸಿದ ಕೋಣೆ. ಡಾಕ್ಟರು ಹೆಣದ ಹಣೆ ಮುಟ್ಟಿ, ತಣ್ಣಗಿದೆ, ಜೀವ ಹೋಗಿ ಆರು ತಾಸಾಯಿತು ಎನ್ನುತ್ತಾರೆ. ಈ ಆರು ತಾಸಿನ ಲೆಕ್ಕದಿಂದಲೇ ಮೂವರು ಶಂಕಿತರು ಪಾರಾಗುತ್ತಾರೆ.

ಬದುಕಿದ್ದಾಗ ದೇಹದ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ಸತ್ತ ಮೇಲೆ ಅದು ಸುತ್ತಲಿನ ಗಾಳಿಯ ಮಟ್ಟಕ್ಕೆ ಬರುತ್ತದೆ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೇ 42 ದಾಟುವುದುಂಟು, ಪತ್ರಾಸಿನ ಕೆಳಗೆ ಇನ್ನೂ ಹೆಚ್ಚು. ಅಂಥ ಕೋಣೆಯಲ್ಲಿ ಹೆಣ ಆರುವ ಬದಲು ಕಾಯುತ್ತದೆ. ದೇಹ ಸೆಟೆಯಲು ಹನ್ನೆರಡು ತಾಸು, ಹಾಗೇ ಇರಲು ಹನ್ನೆರಡು, ಸಡಿಲಾಗಲು ಹನ್ನೆರಡು ಎಂಬುದು ತಂಪು ದೇಶಗಳ ಲೆಕ್ಕ. ಬೇಸಿಗೆಯಲ್ಲಿ ಸೆಟೆತ ಬೇಗ ಬಂದು ಬೇಗ ಬಿಡುತ್ತದೆ. ಬಲಗಡೆ ಕಿಬ್ಬೊಟ್ಟೆಯ ಮೇಲೆ 12ರಿಂದ 18 ತಾಸಿನೊಳಗೇ ಕೊಳೆಯುವಿಕೆಯ ಹಸಿರು ಛಾಯೆ ಮೂಡಬಹುದು. ಹಾಗಾಗಿ ಹಣೆ ಮುಟ್ಟಿದರೆ ಸಾಲದು. ದವಡೆ, ಕುತ್ತಿಗೆ, ತೋಳು, ಕಾಲು ಎಂದು ಕ್ರಮವಾಗಿ ಬಿಗಿತ ನೋಡಬೇಕು. ಕೆಳಭಾಗಕ್ಕೆ ಇಳಿದ ರಕ್ತದ ಕಲೆಯನ್ನು ಹೆಬ್ಬೆರಳಿನಿಂದ ಒತ್ತಿ, ಬಿಳಚುತ್ತದೆಯೋ ಇಲ್ಲವೋ ನೋಡಬೇಕು. ಕೋಣೆಯ ಉಷ್ಣಾಂಶ ಬರೆದುಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ಇಂತಿಷ್ಟು ತಾಸಿನಿಂದ ಇಂತಿಷ್ಟರೊಳಗೆ ಎನ್ನಬಹುದೇ ಹೊರತು ಆರು ಎಂದು ಬೆರಳು ಮಡಚಿ ಹೇಳಲಾಗದು.

ನನಗೆ ಬೇಸರವಾದದ್ದು ಲೇಖಕರು ಕೈಬಿಟ್ಟ ಸುಳಿವಿಗಾಗಿ. ಮೇ ತಿಂಗಳಲ್ಲಿ ಇಲ್ಲಿ ಹೆಣ ನಿಜವಾಗಿಯೂ ತಣ್ಣಗಿದ್ದರೆ, ಅದು ಏಸಿ ಓಡಿದ ಕೋಣೆಯಲ್ಲಿ ಇದ್ದು ಆಮೇಲೆ ಇಲ್ಲಿಗೆ ಬಂದಿರಬೇಕು. ಆ ಒಂದು ಎಳೆಯಿಂದಲೇ ಇಡೀ ಕಥೆ ತಿರುಗಬಹುದಿತ್ತು!

ಕೊಲೆಗಾರ ಶಹಾಬಾದ್ ಕಲ್ಲಿನ ನೆಲಕ್ಕೆ ಆ್ಯಸಿಡ್ ಸುರಿದು ಗುರುತೇ ಇಲ್ಲದಂತೆ ತೊಳೆದ ಎಂದಿದೆ. ಅದು ಸುಣ್ಣಕಲ್ಲು. ಆ್ಯಸಿಡ್ ಬಿದ್ದರೆ ನೊರೆ ಎದ್ದು ಮೇಲ್ಮೈ ತಿಂದು ಹೋಗುತ್ತದೆ, ಹೊಳಪು ಹೋಗಿ ಕಲೆ ಉಳಿಯುತ್ತದೆ. ತೊಳೆದ ಜಾಗವನ್ನು ಕಲ್ಲೇ ತೋರಿಸಿಕೊಡುತ್ತದೆ; ಸಂದಿನೊಳಗೆ ಇಳಿದ ರಕ್ತದ ಮಾತು ಬೇರೆ. ಈ ಭಾಗದ ಮನೆಗಳಲ್ಲಿ ನೆಲ ಒರೆಸಿದವರನ್ನು ಕೇಳಿದ್ದರೂ ಹೇಳುತ್ತಿದ್ದರು.

ಎರಡನೇ ಸಾವು ವಿಷದ್ದು. ಒಳಾಂಗಗಳನ್ನು ಕೆಡದಂತೆ ಫಾರ್ಮಲಿನ್‌ನಲ್ಲಿ ಇಟ್ಟು ಕಳಿಸುತ್ತಾರೆ, ಮರುದಿನವೇ ವರದಿ ಬರುತ್ತದೆ. ವಿಷದ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವುದು ಅಡುಗೆ ಉಪ್ಪಿನ ಗಾಢ ದ್ರಾವಣ; ಫಾರ್ಮಲಿನ್ ಹಾಕಿದರೆ ವಿಷ ಬೇರ್ಪಡಿಸುವುದೇ ಕಷ್ಟ. ವರದಿಗೂ ವಾರಗಟ್ಟಲೆ ಕಾಯಬೇಕು.

ಕಥೆಯ ಕಾಲ 2025. ಎಫ್‌ಐಆರ್‌ನಲ್ಲಿ ಮಾತ್ರ ಹಳೇ ಐಪಿಸಿಯ 302ನೇ ಕಲಮು. 2024ರ ಜುಲೈ 1ರಿಂದ ಕೊಲೆಯ ಶಿಕ್ಷೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿಗೆ ಹೋಗಿದೆ. ಇದಕ್ಕಿಂತ ದೊಡ್ಡ ತೊಡಕು ಮುಕ್ತಾಯದಲ್ಲಿದೆ. ಅಪರಾಧಿ ಠಾಣೆಯಲ್ಲಿ ಪೊಲೀಸರೆದುರು ಎಲ್ಲ ಒಪ್ಪಿಕೊಂಡ ಕೂಡಲೇ ಕೇಸು ಮುಗಿಯಿತು ಎನ್ನುತ್ತಾರೆ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಪ್ರಕಾರ ಆ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲದು. ಅವನ ಹೇಳಿಕೆಯಿಂದ ಏನಾದರೂ ಸಿಕ್ಕಿದ್ದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಪಂಚರನ್ನು ಕರೆದು, ಅವನು ತೋರಿಸಿದ ಬಾವಿಯಿಂದ ಕುಡುಗೋಲು ಎತ್ತಿಸಿ ಪಂಚನಾಮೆ ಬರೆಸಿದ್ದರೆ ಎರಡು ಪುಟದಲ್ಲಿ ಆಗುವ ಕೆಲಸವಿದು.

ಲೇಖಕರು ಎರಡನೇ ಮುದ್ರಣದಲ್ಲಿ ಡಾಕ್ಟರು ಹಣೆ ಮುಟ್ಟುವ ಆ ಒಂದು ಪುಟವನ್ನಾದರೂ ತಿದ್ದಲಿ ಎಂದು ಕೇಳಿಕೊಳ್ಳುತ್ತೇನೆ.

ಒಬ್ಬ ಓದುಗ, ಕಲಬುರಗಿ