ಮಗುವನ್ನು ಕೇಳಿದವರಿಗೆ

ಹೋದ ವಾರ, ನಾವು ನೆಲೆಸಿರುವ ಈ ಹೊರದೇಶದ ಕೋರ್ಟಿನಿಂದ ದತ್ತು ಆದೇಶದ ಪ್ರತಿ ಕೈಸೇರಿತು. ನಮ್ಮ ಮಗಳಿಗೆ ಈಗ ಕಾಗದದ ಮೇಲೂ ಇಬ್ಬರು ತಾಯಂದಿರು. ಹೆತ್ತವಳು ನಾನು. ಹುಟ್ಟಿದ ರಾತ್ರಿಯಿಂದ ಅವಳನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದವಳು ನನ್ನ ಸಂಗಾತಿ. ಮಗಳು ನನ್ನನ್ನು ಅಮ್ಮ ಅನ್ನುತ್ತಾಳೆ, ಅವಳನ್ನು ಅವ್ವ ಅನ್ನುತ್ತಾಳೆ. ಒಂಬತ್ತು ವರ್ಷ ಅವ್ವನ ಹೆಸರು ಮಗಳ ಒಂದು ದಾಖಲೆಯಲ್ಲೂ ಇರಲಿಲ್ಲ. ಈಗ ಇದೆ.

ಜೊತೆಗೆ ನಿಂತವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳೋಣ ಅಂತ ಕೂತೆ. ಮೂರನೇ ಕರೆಗೇ ಗಂಟಲು ಕಟ್ಟಿತು. ಹಾಗಾಗಿ ಬರೆಯುತ್ತಿದ್ದೇನೆ.

ಪೂರ್ತಿ ಗೊತ್ತಿಲ್ಲದವರಿಗಾಗಿ ಒಂದಿಷ್ಟು. ಅವ್ವ ಮಗಳನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ ಸುದ್ದಿ ಹೇಗೋ ಹೊರಗೆ ಹೋಯಿತು. ಒಂದು ಧಾರ್ಮಿಕ ಗುಂಪಿನವರು ಮಕ್ಕಳ ಕಲ್ಯಾಣ ಕಚೇರಿಗೂ ಶಾಲೆಗೂ ದೂರು ಬರೆದರು. ನಾಲ್ಕು ಪುಟ, ಅರವತ್ತಕ್ಕೂ ಹೆಚ್ಚು ಸಹಿ. ಅದರಲ್ಲಿ ನಾಲ್ಕೈದು ನಮಗೆ ಚೆನ್ನಾಗಿ ಪರಿಚಯವಿದ್ದವರದ್ದೇ. ‘ಮಗುವಿನ ಹಿತದೃಷ್ಟಿಯಿಂದ’ ಅನ್ನುವ ಮಾತು ಅದರಲ್ಲಿ ಹನ್ನೊಂದು ಸಲ ಬಂದಿತ್ತು, ನಾನು ಎಣಿಸಿದ್ದೇನೆ. ಮಗುವಿನ ಹೆಸರು ಒಂದು ಸಲವೂ ಇರಲಿಲ್ಲ. ವಯಸ್ಸು ತಪ್ಪಾಗಿತ್ತು. ದೂರಿಗಿಂತ ನನಗೆ ಹೆಚ್ಚು ನೋವಾಗಿದ್ದು ಅದಕ್ಕೆ. ಯಾರ ಬದುಕನ್ನು ಕಾಪಾಡುತ್ತೇವೆ ಅಂತ ಹೊರಟಿದ್ದರೋ ಅವಳನ್ನು ಒಂದು ಮಾತು ಕೇಳಬೇಕು ಅಂತ ಅವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಕೇಳಿದವರಲ್ಲಿ ಮೊದಲಿಗರು ವಿಚಾರಣೆಗೆ ಬಂದ ಅಧಿಕಾರಿ. ನನ್ನ ಮೊದಲ ನಮಸ್ಕಾರ ಅವರಿಗೆ. ಅವರು ಬಂದ ಸಂಜೆ ನನ್ನ ಕೈಕಾಲಿನಲ್ಲಿ ಶಕ್ತಿ ಇರಲಿಲ್ಲ. ಅವರು ನಮ್ಮಿಬ್ಬರನ್ನು ಅಷ್ಟಾಗಿ ಮಾತಾಡಿಸಲೇ ಇಲ್ಲ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಎಳೆದಿದ್ದ ಗೆರೆಗಳ ಮುಂದೆ ಬಗ್ಗಿ ನಿಂತರು. ಮಗಳ ಎತ್ತರದ ಗುರುತುಗಳು ಅವು, ಪಕ್ಕದಲ್ಲಿ ತಾರೀಖು, ಎಲ್ಲ ಅವ್ವನ ಕೈಬರಹ. ಕೆಳಗಿನಿಂದ ಮೇಲಿನವರೆಗೆ ಒಂದೊಂದನ್ನೂ ಓದಿದರು. ಆಮೇಲೆ ನೆಲದ ಮೇಲೆ ಮಗಳ ಪಕ್ಕ ಕೂತು, ‘ರಾತ್ರಿ ಕೆಟ್ಟ ಕನಸು ಬಿದ್ದರೆ ಯಾರನ್ನ ಕೂಗ್ತೀಯ ಪುಟ್ಟಿ?’ ಅಂತ ಕೇಳಿದರು.

‘ಅವ್ವನ್ನ. ಅವ್ವ ಬಾಗಿಲ ಕಡೆ ಮಲಗ್ತಾಳೆ, ನಾನು ಕೂಗಿದ್ದು ಕೇಳಿಸಲಿ ಅಂತ ಬಾಗಿಲು ತೆಗೆದೇ ಇಡ್ತಾಳೆ.’

ಅವರು ಅದನ್ನು ಹಾಗೆಯೇ ಬರೆದುಕೊಂಡರು. ಹೊರಡುವಾಗ ಹೇಳಿದ್ದು ಇಷ್ಟು: ‘ಅಮ್ಮಾ, ನನ್ನ ನಂಬಿಕೆ ಬೇರೆ. ಆದರೆ ನಾನು ಏನು ನೋಡಿದೆನೋ ಅದನ್ನೇ ಬರೆಯುತ್ತೇನೆ.’ ಹಾಗೇ ಬರೆದರು. ಆ ಪ್ರಾಮಾಣಿಕತೆಗೆ ನಾನು ಬದುಕಿರುವವರೆಗೂ ಋಣಿ.

ಎರಡನೆಯವರು ಪಕ್ಕದ ಮನೆಯ ಅಜ್ಜಿ. ದಿನಕ್ಕೆ ಎರಡು ಹೊತ್ತು ಪ್ರಾರ್ಥನೆ ತಪ್ಪಿಸದ ಜೀವ. ಸಹಿ ಸಂಗ್ರಹಿಸುವವರು ಅವರ ಬಾಗಿಲಿಗೂ ಹೋಗಿದ್ದರು, ಅವರು ಖಂಡಿತ ಹಾಕುತ್ತಾರೆ ಅನ್ನುವ ಧೈರ್ಯದಿಂದ. ಅಜ್ಜಿ ಹೇಳಿದ್ದನ್ನು ಅಲ್ಲೇ ಇದ್ದವರೊಬ್ಬರು ಆಮೇಲೆ ನಮಗೆ ತಿಳಿಸಿದರು: ‘ನನಗೆ ಕಣ್ಣು ಕಾಣಲ್ಲ ಅಂತ ಆ ಮಗು ಬಂದು ದಿನಾ ಪೇಪರ್ ಓದಿ ಹೇಳುತ್ತೆ. ಅದರ ಮನೆ ಒಡೆಯೋಕೆ ನನ್ನ ದೇವರ ಹೆಸರು ತರಬೇಡಿ.’ ಅಜ್ಜಿ, ನೀವು ಇದನ್ನು ನಮ್ಮ ಹತ್ತಿರ ಒಂದು ದಿನವೂ ಹೇಳಿಕೊಳ್ಳಲಿಲ್ಲ. ಇವತ್ತು ಇದನ್ನು ಮಗಳೇ ನಿಮಗೆ ಓದಿ ಹೇಳುತ್ತಾಳೆ.

ಧರ್ಮ ಒಂದು ಕಡೆ, ನಮ್ಮಂಥ ಕುಟುಂಬಗಳು ಇನ್ನೊಂದು ಕಡೆ ಅಂತ ಗೆರೆ ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಜೀನ್ ಮ್ಯಾನ್‌ಫರ್ಡ್ ಅನ್ನುವ ಶಾಲಾ ಶಿಕ್ಷಕಿ ಇದ್ದರು. ಸಲಿಂಗಿಯಾದ ಮಗನಿಗೆ 1972ರಲ್ಲಿ ಪ್ರತಿಭಟನೆಯೊಂದರಲ್ಲಿ ಪೆಟ್ಟು ಬಿದ್ದಾಗ ಆ ತಾಯಿ ಸುಮ್ಮನೆ ಕೂರಲಿಲ್ಲ. ಮರುವರ್ಷ ಅವರು ತಮ್ಮಂಥ ಹೆತ್ತವರನ್ನು ಕೂಡಿಸಿ ಮೊದಲ ಸಭೆ ನಡೆಸಿದ್ದು ನ್ಯೂಯಾರ್ಕಿನ ಒಂದು ಮೆಥಡಿಸ್ಟ್ ಚರ್ಚಿನಲ್ಲಿ. ಬಂದವರು ಇಪ್ಪತ್ತರಷ್ಟು ಜನ. ಪಿಫ್ಲ್ಯಾಗ್ ಅನ್ನುವ ದೊಡ್ಡ ಸಂಘಟನೆ ಹುಟ್ಟಿದ್ದು ಅಲ್ಲಿ. ನಮ್ಮ ಅಜ್ಜಿಗೆ ಜೀನ್ ಅವರ ಹೆಸರು ಗೊತ್ತಿಲ್ಲ, ಆದರೆ ಅವರಿಬ್ಬರೂ ಒಂದೇ ಅಚ್ಚಿನ ಹೆಂಗಸರು ಅನ್ನಿಸುತ್ತದೆ ನನಗೆ.

ಮದುವೆ ಅಂದರೇನು ಅನ್ನುವುದನ್ನು ಒಂದು ಮಠ, ಒಂದು ಮಸೀದಿ, ಒಂದು ಚರ್ಚು ತನ್ನ ಅಂಗಳದಲ್ಲಿ ತನ್ನ ನಂಬಿಕೆಯಂತೆ ನಡೆಸಿಕೊಳ್ಳಲಿ. ಅದಕ್ಕೆ ನಾವು ಯಾವತ್ತೂ ಅಡ್ಡ ಬಂದಿಲ್ಲ. ಆದರೆ ಮಗಳಿಗೆ ಜ್ವರ ಏರಿದಾಗ ಆಸ್ಪತ್ರೆಯ ಕಾಗದಕ್ಕೆ ಯಾರು ಸಹಿ ಹಾಕಬೇಕು, ನಾಳೆ ನಾನು ಇಲ್ಲವಾದರೆ ಅವಳು ಯಾರ ಮಡಿಲಲ್ಲಿ ಇರಬೇಕು ಅನ್ನುವುದನ್ನು ಅವರು ತೀರ್ಮಾನಿಸಬಾರದು. ಇಷ್ಟನ್ನೇ ನಾವು ಕೇಳಿದ್ದು.

ನಮ್ಮ ವಕೀಲರಿಗೆ ಎಷ್ಟು ಹೇಳಿದರೂ ಕಡಿಮೆ. ದೂರಿನಲ್ಲಿ 2012ರ ಒಂದು ಅಧ್ಯಯನದ ಪ್ರಸ್ತಾಪವಿತ್ತು, ಸಲಿಂಗಿ ತಂದೆತಾಯಿಯರ ಮಕ್ಕಳು ಹಿಂದೆ ಬೀಳುತ್ತಾರೆ ಅಂತ. ಅದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮಾರನೇ ದಿನ ಅವರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಸಮಾಜಶಾಸ್ತ್ರಜ್ಞ ಮಾರ್ಕ್ ರೆಗ್ನೆರಸ್ ಅವರ ಆ ಅಧ್ಯಯನದಲ್ಲಿ, ತಂದೆಯೋ ತಾಯಿಯೋ ಎಂದಾದರೊಮ್ಮೆ ಸಲಿಂಗ ಸಂಬಂಧ ಹೊಂದಿದ್ದರೆ ಸಾಕು, ಆ ಮಕ್ಕಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಲಾಗಿತ್ತು. ಅವರಲ್ಲಿ ಬಹಳ ಜನ ಗಂಡ-ಹೆಂಡತಿಯ ಮದುವೆ ಮುರಿದ ಮನೆಗಳಿಂದ ಬಂದವರು. ಅವರನ್ನು ಮುರಿಯದ ಮನೆಗಳ ಮಕ್ಕಳ ಜೊತೆ ತೂಗಿದ್ದರು. 2014ರಲ್ಲಿ ಸಲಿಂಗ ಮದುವೆಯ ಮೊಕದ್ದಮೆಯೊಂದರಲ್ಲಿ ಅಮೆರಿಕದ ಮಿಷಿಗನ್ನಿನ ನ್ಯಾಯಾಧೀಶ ಬರ್ನಾರ್ಡ್ ಫ್ರೀಡ್‌ಮನ್, ರೆಗ್ನೆರಸ್ ಅವರ ಸಾಕ್ಷ್ಯ ನಂಬಲಿಕ್ಕೇ ಯೋಗ್ಯವಲ್ಲ ಅಂತ ತಳ್ಳಿಹಾಕಿದರು. ಆ ಮೊಕದ್ದಮೆ ಹೂಡಿದವರು ಏಪ್ರಿಲ್ ಡಿಬೋರ್ ಮತ್ತು ಜೇನ್ ರೌಸ್. ಇಬ್ಬರೂ ನರ್ಸ್‌ಗಳು, ಜೊತೆಗೇ ಬಾಳುತ್ತಿದ್ದವರು. ಮದುವೆಯಾಗದವರು ಜಂಟಿಯಾಗಿ ದತ್ತು ತೆಗೆದುಕೊಳ್ಳುವ ಹಾಗಿರಲಿಲ್ಲ, ಮದುವೆಯಾಗಲು ಅವರಿಗೆ ಕಾನೂನು ಬಿಡುತ್ತಿರಲಿಲ್ಲ. ಹಾಗಾಗಿ ಒಂದೇ ಮನೆಯ ಮಕ್ಕಳನ್ನು ಕಾಗದದ ಮೇಲೆ ಇವರದ್ದು, ಅವರದ್ದು ಅಂತ ಹಂಚಿಕೊಂಡಿದ್ದರು. ಅವರ ಪ್ರಕರಣವೂ ಸೇರಿ, ಅಮೆರಿಕದ ಉದ್ದಗಲಕ್ಕೂ ಸಲಿಂಗ ಮದುವೆಗೆ ಹಕ್ಕು ಕೊಟ್ಟ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪು 2015ರ ಜೂನ್ 26ರಂದು ಬಂತು.

ಸಂಶೋಧಕಿ ನ್ಯಾನೆಟ್ ಗಾರ್ಟ್ರೆಲ್ ಅವರಿಗೂ ಇಲ್ಲಿಂದಲೇ ಕೈಮುಗಿಯುತ್ತೇನೆ. 1986ರಿಂದ ಅವರು ಸಲಿಂಗಿ ತಾಯಂದಿರ ಮನೆಗಳಲ್ಲಿ ಹುಟ್ಟಿದ ಮಕ್ಕಳನ್ನು ವರ್ಷವರ್ಷಗಳ ಕಾಲ ಗಮನಿಸುತ್ತ ಬಂದರು. ಹದಿನೇಳರ ವಯಸ್ಸಿಗೆ ಆ ಮಕ್ಕಳು ಓದಿನಲ್ಲಿ, ಬೆರೆಯುವುದರಲ್ಲಿ ಓರಗೆಯವರಿಗಿಂತ ಒಂದು ಕೈ ಮುಂದೆಯೇ ಇದ್ದರು ಅಂತ 2010ರಲ್ಲಿ ಪ್ರಕಟಿಸಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2002ರಲ್ಲೇ ನಮ್ಮಂಥ ಎರಡನೇ ಪೋಷಕರ ದತ್ತುವನ್ನು ಬೆಂಬಲಿಸಿತ್ತು. ಇವರೆಲ್ಲ ಮಕ್ಕಳನ್ನು ನೋಡಿ ಮಾತಾಡಿದವರು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಥನಿ ಕೆನಡಿ ಸಲಿಂಗ ಮದುವೆಯ ಪ್ರಕರಣವೊಂದರ ವಾದ ಕೇಳುತ್ತಾ, ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ ಮನೆಗಳಲ್ಲಿ ಸುಮಾರು 40,000 ಮಕ್ಕಳಿದ್ದಾರೆ, ಅವರ ದನಿಗೆ ಬೆಲೆ ಇಲ್ಲವೇ ಅನ್ನುವ ಅರ್ಥದಲ್ಲಿ ಕೇಳಿದ್ದನ್ನು ವಕೀಲರು ನಮ್ಮ ಅರ್ಜಿಯ ಜೊತೆ ಲಗತ್ತಿಸಿದ್ದರು.

ನಮ್ಮ ವಿಚಾರಣೆ ನಡೆಯುತ್ತಿದ್ದಾಗಲೇ ಇಟಲಿಯಿಂದ ಸುದ್ದಿ ಬಂತು. ಪಾದುವಾದಲ್ಲಿ 2023ರಲ್ಲಿ 33 ಮಕ್ಕಳ ಜನನ ಪ್ರಮಾಣಪತ್ರಗಳಿಂದ ಹೆರದ ತಾಯಿಯ ಹೆಸರನ್ನು ತೆಗೆಸಲು ಸರ್ಕಾರಿ ವಕೀಲರು ಹೊರಟಿದ್ದರು. ಇದ್ದ ಅಮ್ಮನನ್ನು ಅಳಿಸುವುದು! 2025ರ ಮೇ 22ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ವಿದೇಶದಲ್ಲಿ ಕೃತಕ ಗರ್ಭಧಾರಣೆಯ ಚಿಕಿತ್ಸೆ ಪಡೆದು ಇಟಲಿಯಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದಲೇ ಇಬ್ಬರೂ ತಾಯಂದಿರ ಹೆಸರು ಇರಬೇಕು ಅಂತ ತೀರ್ಪು ಕೊಟ್ಟಿತು. ಅವತ್ತು ಅವ್ವ ಅಡುಗೆಮನೆಯಲ್ಲಿ ನಿಂತು ಅತ್ತಳು. ಕಾಣದ ಆ ಮಕ್ಕಳಿಗಾಗಿ ಅತ್ತಳೋ ನಮಗಾಗಿಯೋ, ನಾನು ಕೇಳಲಿಲ್ಲ.

ಭಾರತದಲ್ಲಿರುವ ಗೆಳತಿಯರೇ, ನಿಮ್ಮನ್ನು ಬಿಟ್ಟು ನಾನು ಹೇಗೆ ಸಂಭ್ರಮಿಸಲಿ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ನ್ಯಾಯಮೂರ್ತಿಗಳು, ಮದುವೆಯಾಗದ ಜೋಡಿ ಜಂಟಿಯಾಗಿ ದತ್ತು ತೆಗೆದುಕೊಳ್ಳುವಂತಿಲ್ಲ ಅನ್ನುವ ನಿಯಮವನ್ನು ಇದ್ದ ಹಾಗೇ ಉಳಿಸಿದರು. ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರು, ಗಂಡು-ಹೆಣ್ಣಿನ ಮದುವೆಯಲ್ಲಿ ಮಾತ್ರ ಮಗುವಿಗೆ ನೆಲೆ ಸಿಗುತ್ತದೆ ಅನ್ನಲು ಆಧಾರವಿಲ್ಲ ಅಂತ ಭಿನ್ನವಾಗಿ ಬರೆದರು. ನಿಮ್ಮಲ್ಲಿ ಇಬ್ಬರು ಆ ಸಂಜೆ ನನಗೆ ಫೋನ್ ಮಾಡಿ, ‘ನೀನು ಬಿಡಬೇಡ, ಅಲ್ಲಾದರೂ ಆಗಲಿ’ ಅಂದಿರಿ. ಸೋತ ದಿನ ಬೇರೆಯವರಿಗೆ ಧೈರ್ಯ ಹೇಳುವುದು ಎಲ್ಲರಿಗೂ ಬರುವುದಿಲ್ಲ. ನಿಮ್ಮ ಸರದಿ ಬಂದಾಗ ಮೊದಲು ಬಂದು ನಿಲ್ಲುವವಳು ನಾನು.

ಮಗಳ ಟೀಚರ್‌ಗೆ: ದೂರು ಬಂದ ಮೇಲೂ ತರಗತಿಯಲ್ಲಿ ಅವಳ ಚಿತ್ರ ಗೋಡೆಯಿಂದ ಇಳಿಯಲಿಲ್ಲ. ಮೂರು ಜನ ಕೈ ಹಿಡಿದು ನಿಂತ ಚಿತ್ರ ಅದು. ತೆಗೆದುಬಿಡಿ ಅಂತ ನಿಮ್ಮ ಮೇಲೆ ಎಷ್ಟು ಒತ್ತಡವಿತ್ತು ಅಂತ ನನಗೆ ಈಚೆಗೆ ತಿಳಿಯಿತು.

ಇನ್ನು ಅವ್ವನಿಗೆ ಏನು ಹೇಳಲಿ. ಕಾನೂನು ಅವಳನ್ನು ‘ಇತರೆ ವ್ಯಕ್ತಿ’ ಅಂತ ಕರೆಯುತ್ತಿದ್ದ ದಿನಗಳಲ್ಲೂ ಒಂದು ದಿನ ತಾಯ್ತನದಿಂದ ರಜೆ ಕೇಳಲಿಲ್ಲ.

ಸೋಮವಾರ ಶಾಲೆಯಿಂದ ಪ್ರವಾಸದ ಒಪ್ಪಿಗೆ ಪತ್ರ ಬಂತು. ಇಷ್ಟು ವರ್ಷ ಅಂಥವನ್ನು ನನ್ನ ಮುಂದೆ ತಂದಿಡುತ್ತಿದ್ದ ಮಗಳು, ಈ ಸಲ ಅದನ್ನು ನೇರವಾಗಿ ಅವ್ವನ ಹತ್ತಿರ ಒಯ್ದಳು. ಅವ್ವ ಕನ್ನಡಕ ಹಾಕಿಕೊಂಡು ಕೂತಳು. ಪೆನ್ನು ಸರಿಯಾಗಿ ಬರೆಯುತ್ತದೆಯೇ ಅಂತ ಹಳೇ ಲಕೋಟೆಯ ಹಿಂದೆ ಎರಡು ಸಲ ಗೀಚಿ ನೋಡಿದಳು. ಆಮೇಲೆ ಸಹಿ ಹಾಕಿದಳು, ಪೂರ್ತಿ ಹೆಸರು ಬರೆದು.