ಪಾಲುದಾರನಿಗೊಂದು ಪತ್ರ

ಪ್ರೀತಿಯ ಪಾಲುದಾರ,

ಹೇಗಿದ್ದೀಯ ಮಾರಾಯ? ಇದನ್ನು ಫೋನಿನಲ್ಲೇ ಕೇಳಬಹುದಿತ್ತು. ಆದರೆ ಸಂಗೀತ ನುಡಿಸುವ ಹಳೇ ಕೀಬೋರ್ಡ್ ಹುಡುಕುತ್ತಿರುವವರು ಇಲ್ಲಿ ಇನ್ನೂ ಕೆಲವರಿದ್ದಾರೆ. ಅವರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಒಂದು ರೋಲ್ಯಾಂಡ್ ಎಕ್ಸ್‌ಪಿ-30 ಕೀಬೋರ್ಡ್ ಮಾರಾಟಕ್ಕಿದೆ. 61 ಕೀ. ಒಂದೇ ಕ್ಷಣದಲ್ಲಿ 64 ದನಿಗಳವರೆಗೆ ನುಡಿಯುತ್ತದೆ. 18 ಸಾವಿರ ಹೇಳಿದ್ದಾರೆ. ಅದರಲ್ಲಿ ಅರ್ಧ ದುಡ್ಡಿಗೆ ಒಂದು ಹೊಸ ಮಿಡಿ ಕೀಬೋರ್ಡ್ (ಯಾವ ಕೀ ಒತ್ತಿದೆವು ಅಂತ ಕಂಪ್ಯೂಟರಿಗೆ ತಿಳಿಸುವಂಥದ್ದು) ತಂದು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಇದಕ್ಕಿಂತ ಜಾಸ್ತಿ ದನಿ ಸಿಗುತ್ತವೆ, ನಿಜ. ಆದರೆ ನಾನು ಇಡೀ ದಿನ ಲ್ಯಾಪ್‌ಟಾಪ್ ಮುಂದೆಯೇ ಕೂತಿರುತ್ತೇನೆ. ರಾತ್ರಿ ಒಂಬತ್ತಕ್ಕೆ ಸ್ವಿಚ್ ಹಾಕಿದರೆ ಒಂಬತ್ತಕ್ಕೇ ನುಡಿಸಲು ಶುರು ಮಾಡುವಂಥದ್ದು ಬೇಕು ನನಗೆ.

ಭಾನುವಾರ ಹೋಗಿ ನೋಡಿದೆ. ನೀನು ಕಲಿಸಿದ ಹಾಗೆಯೇ ಎಡತುದಿಯಿಂದ ಶುರು ಮಾಡಿ ಒಂದೊಂದೇ ಕೀಯನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿದೆ. ಎರಡು ಕೀ ಮೆಲ್ಲಗೆ ಒತ್ತಿದರೂ ಜೋರಾಗಿಯೇ ಕೂಗುತ್ತವೆ. ಒಳಗಿನ ರಬ್ಬರ್ ಪಟ್ಟಿ ಬಿಚ್ಚಿ ಒರೆಸಿದರೆ ಸರಿಹೋಗಬಹುದು. ಎಡಗೈ ಲಿವರ್ ಚೆನ್ನಾಗಿದೆ. ಪಕ್ಕಕ್ಕೆ ತಳ್ಳಿದರೆ ಸ್ವರ ಜಾರುತ್ತದೆ, ಬಿಟ್ಟರೆ ಸರಿಯಾಗಿ ಜಾಗಕ್ಕೆ ಬಂದು ನಿಲ್ಲುತ್ತದೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಯಾಕೆ ಹೊರಗಿಟ್ಟಿತ್ತು ಅಂತ ನೀನು ವಾದ ಮಾಡುತ್ತಿದ್ದೆಯಲ್ಲ, ಸ್ವರದಿಂದ ಸ್ವರಕ್ಕೆ ಜಾರೋಕೇ ಬರಲ್ಲ ಅಂತ. ಈ ಲಿವರ್ ಮೇಲೆ ಗಾಂಧಾರವನ್ನು ಸ್ವಲ್ಪ ಅಲುಗಿಸಿದೆ, ನಿನ್ನ ನೆನಪಾಯಿತು.

ಮಾರುತ್ತಿರುವವರು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವರು. ಗಣಪತಿ ಪೆಂಡಾಲು, ರಾಜ್ಯೋತ್ಸವ, ಮದುವೆ. "ಈಗೆಲ್ಲಾ ಟ್ರ್ಯಾಕ್ ಹಾಕ್ಕೊಂಡು ಹಾಡ್ತಾರೆ ಸಾರ್, ಕೀಬೋರ್ಡಿಗೆ ಆಳು ಬೇಡ" ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಸುಮ್ನೆ ಹೇಳಿದರು. ನಾನು ಯೂಸರ್ ಬ್ಯಾಂಕ್ ತೆಗೆದೆ. ಅದರಲ್ಲಿ ನಾವೇ ಮಾಡಿಕೊಂಡ 128 ದನಿ ಉಳಿಸಿಕೊಳ್ಳಲು ಜಾಗವಿದೆ. ಹೆಸರಿಗೆ ಹನ್ನೆರಡೇ ಅಕ್ಷರ. ಅಷ್ಟರಲ್ಲೇ ಅವರು ಬರೆದುಕೊಂಡಿದ್ದರು: ಮದುವೆ ಓಲಗ, ಗಣಪ ಸ್ಟ್ರಿಂಗ್ಸ್, ತತ್ವಪದ. ಒಂದಕ್ಕೆ ಬರೀ 'ಪುಟ್ಟಿ' ಅಂತ ಇತ್ತು. ನುಡಿಸಿದೆ. ಗಂಟೆಯ ಹಾಗೆ, ತುಂಬಾ ಮೆತ್ತಗಿನ ದನಿ. ಮಗಳು ಚಿಕ್ಕವಳಿದ್ದಾಗ ಅವಳನ್ನು ಮಲಗಿಸಲು ಮಾಡಿದ್ದಂತೆ.

ಆಗಲೇ ಪರದೆಯ ಮೇಲೆ ಬ್ಯಾಟರಿ ಲೋ ಅಂತ ಬಂತು.

ನಿನಗೆ ಗೊತ್ತಿರುತ್ತದೆ, ಓದುವ ಉಳಿದವರಿಗಾಗಿ ಹೇಳುತ್ತೇನೆ. ಇಂಥ ಹಳೇ ಯಂತ್ರಗಳ ಒಳಗೆ ಸಿಆರ್2032 ಅನ್ನುವ ನಾಣ್ಯದಂಥ ಸೆಲ್ ಇರುತ್ತದೆ. ನಾವು ಮಾಡಿಟ್ಟ ದನಿಗಳನ್ನು ಹಿಡಿದಿಡುವುದು ಅದೇ. ಅದು ಸತ್ತರೆ, ಅಥವಾ ಹಾಗೇ ಕಿತ್ತು ಹೊಸದು ಹಾಕಿದರೆ, ಕಂಪನಿ ಕೊಟ್ಟ ದನಿಗಳಿಗೆ ಏನೂ ಆಗುವುದಿಲ್ಲ. ನಾವು ಮಾಡಿದ್ದು ಮಾತ್ರ ಹೋಗುತ್ತದೆ. ಮೊದಲೇ ಮಿಡಿ ಕೇಬಲ್‌ನಿಂದ ಕಂಪ್ಯೂಟರಿಗೆ ಬಲ್ಕ್ ಡಂಪ್, ಅಂದರೆ ಎಲ್ಲಾ ದನಿಗಳ ನಕಲು ಒಟ್ಟಿಗೆ, ತೆಗೆದಿಟ್ಟುಕೊಂಡರೆ ಉಳಿಯುತ್ತದೆ. ಇದನ್ನು ಅವರಿಗೆ ಹೇಳಿದೆ. "ಅದನ್ನೆಲ್ಲಾ ಅಳಿಸಿ ಸಾರ್, ನಿಮ್ಮದು ಹಾಕ್ಕೊಳ್ಳಿ" ಅಂದರು. ನನಗೆ ಅಲ್ಲಿ ಇನ್ನು ಕೂರಲು ಆಗಲಿಲ್ಲ. ನಾಳೆ ಹೇಳುತ್ತೇನೆ ಅಂತ ಎದ್ದು ಬಂದೆ. ಇವತ್ತು ಗುರುವಾರ. ಇನ್ನೂ ಹೇಳಿಲ್ಲ.

ಯಾಕೆ ಅಂತ ನಿನಗೆ ಹೇಳಲೇಬೇಕು. ನಮ್ಮ ಕ್ಯಾಸಿಯೊ ಕೀಬೋರ್ಡ್ ಮಳೆ ನೀರು ಹೊಕ್ಕು ಕೆಟ್ಟುಹೋಯಿತು, ಗುಜರಿಗೆ ಹಾಕಿದೆ ಅಂತ ಹೇಳಿದ್ದೆನಲ್ಲ. ಅದು ಸುಳ್ಳು. ನೀನು ಮಂಗಳೂರಿಗೆ ಹೋದ ಎರಡನೇ ತಿಂಗಳು ಅದನ್ನು ಶಿವಮೊಗ್ಗದ ಗಾಂಧಿ ಬಜಾರಿಗೆ ಹೊತ್ತುಕೊಂಡು ಹೋಗಿ 1,900 ರೂಪಾಯಿಗೆ ಮಾರಿದೆ. ಬೆಂಗಳೂರಿನ ರೂಮಿನ ಅಡ್ವಾನ್ಸಿಗೆ ದುಡ್ಡು ಸಾಲದಾಗಿತ್ತು. ಇಬ್ಬರೂ 2,300 ರೂಪಾಯಿ ಹಾಕಿ ಕೊಂಡಿದ್ದು ಅದು. ಕೇಳಿದ್ದರೆ ನೀನು ಬೇಡ ಅನ್ನುತ್ತಿರಲಿಲ್ಲ, ಅದೂ ಗೊತ್ತಿತ್ತು. ಆದರೂ ಕೇಳಲಿಲ್ಲ.

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ನಾವು ಮೂರು ರಾತ್ರಿ ಕೂತು ಮಾಡಿದ ಟ್ಯೂನ್ ಅದರೊಳಗೇ ಇತ್ತು. ಸೆಲ್ಲು, ಅಡಾಪ್ಟರ್ ಎರಡೂ ತೆಗೆದರೆ ರೆಕಾರ್ಡ್ ಮಾಡಿದ್ದು ಅಳಿಸಿಹೋಗುತ್ತದೆ ಅಂತ ನೀನೇ ಎಷ್ಟು ಜೋಪಾನ ಮಾಡುತ್ತಿದ್ದೆ. ಅಂಗಡಿಯವರು ಸೆಲ್ಲು ಬೇಕಾದರೆ ಇಟ್ಟುಕೊಳ್ಳಿ ಅಂದರು. ಆರು ದೊಡ್ಡ ಸೆಲ್ಲು, ಹೊಸವು. ಕೌಂಟರ್ ಮೇಲೆ ಅದನ್ನು ಮಗುಚಿ ಹಾಕಿ ಒಂದೊಂದಾಗಿ ನಾನೇ ತೆಗೆದೆ. ಒಂದು ಸಲ ಕೇಳಿಸಿಕೊಂಡು ತೆಗೆಯಬಹುದಿತ್ತು, ಅಲ್ವಾ? ಅಷ್ಟೂ ಮಾಡಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಒಂದು ಕೀಬೋರ್ಡ್ ತರಲು ಪುರಸೊತ್ತಿಲ್ಲ ಅಂತ ಎಲ್ಲರಿಗೂ ಹೇಳುತ್ತಾ ಬಂದೆ. ಪುರಸೊತ್ತು ಇತ್ತು ಕಣೋ.

ಇಷ್ಟೆಲ್ಲಾ ಬರೆಯುತ್ತೇನೆ ಅಂತ ಅಂದುಕೊಂಡಿರಲಿಲ್ಲ. ಕೀಗಳ ಬಗ್ಗೆ ಕೇಳಿ ಮುಗಿಸೋಣ ಅಂತ ಶುರು ಮಾಡಿದ್ದು.

ಈಗ ಕೆಲಸದ ಮಾತು. ಶನಿವಾರ ಮಿಡಿ ಕೇಬಲ್ ತೆಗೆದುಕೊಂಡು ಮತ್ತೆ ಕಾಮಾಕ್ಷಿಪಾಳ್ಯಕ್ಕೆ ಹೋಗುತ್ತೇನೆ. ಕೊಂಡರೂ ಕೊಳ್ಳದಿದ್ದರೂ ಆ 128 ದನಿಗಳನ್ನು ತೆಗೆದು ಅವರ ಮಗಳ ಫೋನಿಗೆ ಹಾಕಿಕೊಡಬೇಕು. 'ಪುಟ್ಟಿ'ಯನ್ನು ಬೇರೆಯಾಗಿ ನುಡಿಸಿ ರೆಕಾರ್ಡ್ ಮಾಡಿಯೂ ಕೊಡುತ್ತೇನೆ. ರೇಟಿನಲ್ಲಿ ಚೌಕಾಸಿ ಮಾಡುವುದಿಲ್ಲ. ಆ ಎರಡು ಕೀಗಳಿಗೆ ರಬ್ಬರ್ ಒರೆಸಿದರೆ ಸಾಕೋ, ಪಟ್ಟಿಯನ್ನೇ ಬದಲಿಸಬೇಕೋ ಅಂತ ಅಷ್ಟರೊಳಗೆ ಹೇಳು. ನಿನ್ನ 950 ರೂಪಾಯಿ ನನ್ನ ಹತ್ತಿರ ಇದೆ. ಬಂದು ಇಸ್ಕೊಂಡು ಹೋಗು. ಬರುವಾಗ ಕೊಡೆ ತಾ.

ಇನ್ನೊಂದು. ನಮ್ಮ ಟ್ಯೂನಿನ ಮೊದಲ ಸಾಲು ನನಗೆ ನೆನಪಿದೆ, ಪಂಚಮದವರೆಗೆ. ಅಲ್ಲಿಂದ ಅದು ಧೈವತಕ್ಕೆ ಹೋಗುತ್ತಿತ್ತೋ, ನಿಷಾದಕ್ಕೋ? ಧೈವತವಾದರೆ ಮೋಹನ ರಾಗ, ನಿಷಾದವಾದರೆ ಹಂಸಧ್ವನಿ. ಯಾವುದು ಅಂತ ಆಗಲೂ ಜಗಳ ಆಡಿದ್ದೆವು. ಯಾರು ಗೆದ್ದರು ಅನ್ನುವುದು ಮರೆತೇಹೋಗಿದೆ. ನಿನಗೆ ನೆನಪಿದ್ದರೆ ಹಾಡಿ ಕಳಿಸು.

ನಿನ್ನ,
ಇನ್ನೊಬ್ಬ ಪಾಲುದಾರ