ಗಿಟಾರ್ ಈಗಲೇ ಕೊಳ್ಳಬೇಡ

ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಬೇಸ್, ಅಂದರೆ ದಪ್ಪ ದನಿಯ ನಾಲ್ಕು ತಂತಿಯ ಬೇಸ್ ಗಿಟಾರ್, ತಗೊಂಡು ಮೂರು ತಿಂಗಳಾಯಿತು, ಕೈ ಓಡುತ್ತಿಲ್ಲ, ಜೊತೆಗೊಂದು ಗಿಟಾರ್ ಕಲಿತರೆ ಇದೂ ಬೇಗ ಬಂದೀತಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅಂಗಡಿಗೆ ಹೊರಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಗಿಟಾರ್ ಬೇಡ. ಈಗಲೇ ಅಂತೂ ಬೇಡ. ನಿನ್ನ ಈಗಿನ ಕಷ್ಟ ಬೆರಳಿನದು. ಬೇಸಿನಲ್ಲಿ ತಂತಿ ಮಿಡಿಯುವ ಉದ್ದ ಸಾಮಾನ್ಯವಾಗಿ 34 ಇಂಚು, ಗಿಟಾರಿನಲ್ಲಿ ಸುಮಾರು 25. ಬೇಸಿನ ತಂತಿ ದಪ್ಪ, ಫ್ರೆಟ್‌ಗಳು, ಅಂದರೆ ಕುತ್ತಿಗೆಯ ಮೇಲಿನ ಅಡ್ಡ ಪಟ್ಟಿಗಳು, ದೂರ ದೂರ. ಗಿಟಾರ್ ಎಷ್ಟೇ ತಿಕ್ಕಿದರೂ ನಿನ್ನ ಕಿರುಬೆರಳಿಗೆ ಈ ದೂರ ರೂಢಿಯಾಗುವುದಿಲ್ಲ. ಮುಟ್ಟದ ತಂತಿಗಳೂ ಗುಂಯ್ ಅನ್ನುತ್ತವೆ ಅಂತ ಗೋಳಾಡಿದ್ದೆಯಲ್ಲ, ಅವುಗಳ ಬಾಯಿ ಮುಚ್ಚಿಸುವುದನ್ನೂ ಬೇಸ್ ಹಿಡಿದೇ ಕಲಿಯಬೇಕು. ಗಿಟಾರಿನ ದಪ್ಪ ನಾಲ್ಕು ತಂತಿಗಳ ಹೆಸರು ಬೇಸಿನವೇ, ಇ ಎ ಡಿ ಜಿ, ಒಂದು ಸಪ್ತಕ ಮೇಲೆ ಅಷ್ಟೇ. ಆ ಹೆಸರು ನಿನಗೆ ಆಗಲೇ ಬಾಯಿಪಾಠ. ಅದಕ್ಕಾಗಿ ಯಾಕೆ ದುಡ್ಡು ಸುರಿಯುವುದು?

ಪಾಲ್ ಮೆಕಾರ್ಟ್ನಿ ಮೊದಲು ಗಿಟಾರ್ ನುಡಿಸುತ್ತಿದ್ದ ಅಲ್ವಾ ಅಂತ ನೀನು ಕೇಳಿಯೇ ಕೇಳುತ್ತೀಯ. ಹೌದು. 1961ರಲ್ಲಿ ಹ್ಯಾಂಬರ್ಗಿನಲ್ಲಿ ಅವನ ಬೀಟಲ್ಸ್ ತಂಡದ ಬೇಸಿಸ್ಟ್ ಬಿಟ್ಟು ಹೋದಾಗ ಆ ಕೆಲಸ ಇವನ ಕೊರಳಿಗೆ ಬಿತ್ತು. ಬೇಸಿನ ದೊಡ್ಡ ಹೆಸರು ಜಾಕೋ ಪಾಸ್ಟೋರಿಯಸ್ ಕೂಡ ಮೊದಲು ಡ್ರಮ್ಸ್ ನುಡಿಸುತ್ತಿದ್ದ ಹುಡುಗ, ಆಟದಲ್ಲಿ ಮಣಿಕಟ್ಟಿಗೆ ಪೆಟ್ಟಾಗಿ ಕೊನೆಗೆ ಬೇಸಿಗೆ ಬಂದ. ಆದರೆ ಇವರ್ಯಾರೂ ಬೇಸ್ ಸುಧಾರಿಸಲಿ ಅಂತ ಇನ್ನೊಂದು ವಾದ್ಯ ಕಲಿತವರಲ್ಲ. ಒಂದರಲ್ಲಿ ಪಳಗಿ ಆಮೇಲೆ ಈ ಕಡೆ ಬಂದವರು. ನೀನು ಕೇಳುತ್ತಿರುವುದು ಬೇರೆಯೇ ಪ್ರಶ್ನೆ.

ಇನ್ನೊಂದು ವಾದ್ಯ ಬೆರಳಿಗೆ ಕೊಡುವುದು ಕಡಿಮೆ. ಕಿವಿಗೆ ಮಾತ್ರ ಜಾಸ್ತಿ ಕೊಡುತ್ತದೆ. ಇದು ನನಗೆ ಗೊತ್ತಾಗಿದ್ದು ತಬಲಾದಿಂದ.

ಧಾರವಾಡದಲ್ಲಿದ್ದಾಗ ಅಪ್ಪ ನನ್ನನ್ನು ಎರಡು ವರ್ಷ ತಬಲಾ ಪಾಠಕ್ಕೆ ಅಟ್ಟಿದ್ದರು, ನೆನಪಿದೆಯಾ? ನೀವೆಲ್ಲ ಕ್ರಿಕೆಟ್ ಆಡುವಾಗ ನಾನು ಕಾಲು ಜೋಮು ಹಿಡಿಸಿಕೊಂಡು ಕೂತಿರುತ್ತಿದ್ದೆ. ಎರಡು ವರ್ಷದಲ್ಲಿ ಬಂದಿದ್ದು ತೀನ್‌ತಾಲ ಅನ್ನುವ ತಾಳದ ಠೇಕಾ, ಅಂದರೆ ಅದರ ಮೂಲ ಬಡಿತ, ಇನ್ನೆರಡು ಕಾಯ್ದಾ ಅನ್ನುವ ಅಭ್ಯಾಸದ ಪಾಠ. ಅಷ್ಟೇ. ಗುರುಗಳು ಒಂದು ದಿನ ನನ್ನ ಎಡಗೈ ಹಿಡಿದು ನಿಲ್ಲಿಸಿದರು. 'ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ. ಇಲ್ಲಿ ಡಗ್ಗಾ ಯಾಕೆ ಗುಮ್ಮೆನಿಸುತ್ತೀ?' ಅಂದರು. ಡಗ್ಗಾ ಅಂದರೆ ಎಡಗೈಯ ದೊಡ್ಡ ತಬಲಾ. ತಾಳದ ಹದಿನಾರು ಮಾತ್ರೆಯಲ್ಲಿ, ಅಂದರೆ ಎಣಿಕೆಯಲ್ಲಿ, ಹತ್ತರಿಂದ ಹದಿಮೂರರವರೆಗೆ ಎಡಗೈಯ ಗುಂಯ್ ಇಲ್ಲ. ಬಲಗೈ ಒಂದೇ ಒಣಒಣ ಕೇಳುತ್ತದೆ. ಹದಿನಾಲ್ಕರಲ್ಲಿ ಡಗ್ಗಾ ವಾಪಸ್ ಬಂದಾಗ ಹೊಟ್ಟೆಯೊಳಗೆ ಏನೋ ಕೂತಂತಾಗುತ್ತದೆ. ಸಮ್, ಅಂದರೆ ತಾಳದ ಮೊದಲ ಮಾತ್ರೆ, ಹತ್ತಿರ ಬಂತು ಅಂತ ಲೆಕ್ಕ ಹಾಕದೆಯೇ ತಿಳಿಯುತ್ತದೆ.

ಆಗ ಇದು ತಲೆಗೆ ಹೋಗಲಿಲ್ಲ. ಬೆಂಗಳೂರಿಗೆ ಬಂದು, ಮೂವತ್ತು ದಾಟಿದ ಮೇಲೆ ಬೇಸ್ ಹಿಡಿದು, ನಾಲ್ಕು ಜನ ಸೇರಿ ಹಾಡು ಕೂರಿಸುವಾಗ ಹೋಯಿತು. ನಾನು ಒಂದು ಬೀಟೂ ಬಿಡದೆ ಡುಂ ಡುಂ ಡುಂ ಅಂತ ತುಂಬುತ್ತಿದ್ದೆ. ಹಾಡು ಮುದ್ದೆಯಾಗಿತ್ತು. ಡ್ರಮ್ಮರ್ ಸಾಕಾಗಿ, ನನ್ನ ಬೇಸ್ ಬಿಚ್ಚಿಸಿ ತನ್ನ ಸ್ಟೂಲಿನ ಮೇಲೆ ಕೂರಿಸಿದ. 'ಕೈ ಬೇಡ, ಬರೀ ಕಾಲು. ಕಿಕ್ ಡ್ರಮ್ ಮಾತ್ರ ಒದಿ' ಅಂದ. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ ಅದು. ಎರಡು ನಿಮಿಷಕ್ಕೆ ಮೀನಖಂಡ ಹಿಡಿದುಕೊಂಡಿತು. ಆದರೆ ಕಾಲು ನೋಯುವಾಗ ಪ್ರತಿ ಒದೆಯೂ ಲೆಕ್ಕಕ್ಕೆ ಬರುತ್ತದೆ ನೋಡು. ಎಲ್ಲಿ ಒದೆಯದಿದ್ದರೂ ನಡೆಯುತ್ತದೆ ಅಂತ ಕಾಲೇ ಹುಡುಕತೊಡಗಿತು! ಮತ್ತೆ ಬೇಸ್ ಹಾಕಿಕೊಂಡಾಗ ಅರ್ಧಕ್ಕರ್ಧ ಸ್ವರ ತಾನಾಗಿಯೇ ಉದುರಿ ಹೋಗಿತ್ತು. ಉಳಿದದ್ದು ಕಿಕ್ ಜೊತೆ ಸರಿಯಾಗಿ ಕೂರುತ್ತಿತ್ತು.

ಹಾಗಂತ ನೀನು ಡ್ರಮ್ ಸೆಟ್ ತರಬೇಡ. ಕೆಳಗಿನ ಮನೆಯವರು ಬಾಡಿಗೆ ಒಪ್ಪಂದ ನೆನಪಿಸಿಯಾರು. ಸುಮ್ನೆ ಬಾಯಲ್ಲಿ ಶುರು ಮಾಡು. ತಕಿಟ ತಕಿಟ ತಕ. ಮೂರು, ಮೂರು, ಎರಡು, ಒಟ್ಟು ಎಂಟು. ಕಾಲು ಎರಡು ಅಕ್ಷರಕ್ಕೊಂದರಂತೆ ಸಮನಾಗಿ ನಾಲ್ಕು ತಟ್ಟಲಿ, ಬಾಯಿ ಇದನ್ನು ಹೇಳುತ್ತಿರಲಿ. ಎರಡನೇ 'ತಕಿಟ' ಕಾಲಿನ ತಟ್ಟಿಗೆ ಸಿಗದೆ ಜಾರುತ್ತದೆ. ಅಲ್ಲಿ ನೀನು ಖಂಡಿತ ಎಡವುತ್ತೀಯ, ಎಲ್ಲರೂ ಎಡವುತ್ತಾರೆ. ಎರಡು ದಿನ ಕಾಲು, ಬಾಯಿ ಎರಡೇ ಇರಲಿ. ಮೂರನೇ ದಿನ ಬೇಸ್ ಎತ್ತಿಕೊಂಡು ಪ್ರತಿ 'ತ'ಕ್ಕೆ ಒಂದು ಸ್ವರ ಮೀಟು. ನೀನು ಕೇಳಿರುವ ಎಷ್ಟೋ ಹಾಡುಗಳ ಬೇಸ್ ಸಾಲು ಇದೇ ನಡೆ. ಮೃದಂಗದವರ ಹತ್ತಿರ ಈ ಸೊಲ್ಲುಗಳ ಭಂಡಾರವೇ ಇದೆ, ನಮ್ಮ ಹತ್ತಿರ ಇದ್ದದ್ದನ್ನು ಬಿಟ್ಟು, ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮ್ ಆ್ಯಪ್‌ಗೆ ಚಂದಾ ಕಟ್ಟುತ್ತೇವೆ.

ದುಡ್ಡು ಖರ್ಚು ಮಾಡಲೇಬೇಕು ಅಂತ ಕೈ ಕಡಿಯುತ್ತಿದ್ದರೆ ಹಳೆಯದೊಂದು ಕೀಬೋರ್ಡ್ ತಗೋ. ಅದನ್ನು ನುಡಿಸಲು ಕಲಿಯುವುದಕ್ಕಲ್ಲ, ನೋಡುವುದಕ್ಕೆ. ಬೇಸಿನಲ್ಲಿ ನೀನು ಒಂದು ಹೊತ್ತಿಗೆ ಒಂದೇ ಸ್ವರ ನುಡಿಸುತ್ತೀಯ, ಮೇಲೆ ಏನಾಗುತ್ತಿದೆ ಕಾಣುವುದಿಲ್ಲ. ಬಲಗೈಯಲ್ಲಿ ಸಿ, ಇ, ಜಿ ಒಟ್ಟಿಗೆ ಒತ್ತಿ ಹಿಡಿ. ನಮ್ಮ ಸ, ಗ, ಪ. ಎಡಗೈಯ ಒಂದೇ ಬೆರಳಿನಿಂದ ಕೆಳಗೆ ಸಿ ಒತ್ತು. ಹಬ್ಬದ ಬೆಳಗಿನಂತೆ ಕೇಳುತ್ತದೆ. ಈಗ ಬಲಗೈ ಕದಲಿಸದೆ ಎಡಗೈ ಬೆರಳನ್ನು ಎ ಮೇಲೆ ಇಡು. ಕೇಳಿದೆಯಾ? ಅದೇ ಮೂರು ಸ್ವರ, ಆದರೆ ಮೋಡ ಕವಿಯಿತು. ಕಾರ್ಡ್‌ನ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ, ಹೆಸರೇ ಬದಲಾಗಿ ಎ ಮೈನರ್ ಸೆವೆನ್ ಆಯಿತು. ಗಿಟಾರಿನವನು, ಹಾಡುವವನು ಏನೂ ಮಾಡಲಿಲ್ಲ, ಬದಲಾಯಿಸಿದ್ದು ಬೇಸ್. ನನಗೆ ಇದು ತಿಳಿದ ರಾತ್ರಿ ಒಂದೂವರೆವರೆಗೆ ಆ ಎರಡು ಕೀಗಳನ್ನೇ ಒತ್ತುತ್ತಾ ಕೂತಿದ್ದೆ. ಹೆಂಡತಿ ಎದ್ದು ಬಂದು ಪ್ಲಗ್ ಕಿತ್ತಳು.

ಇದಾದ ಮೇಲೆ ಇಳಯರಾಜಾ ಅವರ ಎಂಬತ್ತರ ದಶಕದ ಹಾಡುಗಳನ್ನು ಹೆಡ್‌ಫೋನ್ ಹಾಕಿ ಕೇಳು. ಹಾಡುಗಾರರನ್ನು ಮರೆತು ಬೇಸ್ ಒಂದನ್ನೇ ಹಿಂಬಾಲಿಸು. ಕೆಳಗೆ ಇನ್ನೊಂದು ಹಾಡೇ ನಡೆದಿರುತ್ತದೆ.

ಒಂದು ಎಚ್ಚರಿಕೆ. ದಿನಕ್ಕೆ ನಿನಗೆ ಸಿಗುವುದು ಅರ್ಧ ಗಂಟೆ. ಅದರಲ್ಲಿ ಇಪ್ಪತ್ತೈದು ನಿಮಿಷ ಬೇಸ್ ಕೈಯಲ್ಲಿರಲಿ. ತಕಿಟ ಬೇಕಾದರೆ ಸ್ಕೂಟರ್ ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿಕೋ. ಹೊಸ ವಾದ್ಯ ಬಂದ ಮನೆಯಲ್ಲಿ ಹಳೆಯದಕ್ಕೆ ಧೂಳು ಕೂರುವುದನ್ನು ನಾನೇ ಮಾಡಿ ನೋಡಿದ್ದೇನೆ, ಒಂದು ಇಡೀ ಮಳೆಗಾಲ.

ಭಾನುವಾರ ಬರುವಾಗ ಬೇಸ್ ತಾ, ಕೇಬಲ್ ಮರೆಯಬೇಡ. ಕೀಬೋರ್ಡ್ ನಮ್ಮಲ್ಲೇ ಮಂಚದ ಕೆಳಗಿದೆ, ಬೇಕಾದರೆ ಒಯ್ಯಿ. ಎರಡು ಕೀ ಒತ್ತಿದರೆ ಮೇಲೇಳುವುದಿಲ್ಲ. ತೀರಾ ಮೇಲಿನ ಸಪ್ತಕದವು ಅವು, ನಮಗೆ ಬೇಕಿಲ್ಲ.

ನಿನ್ನ,
ಹಳೇ ಬೆಂಚಿನ ಗೆಳೆಯ